‘ಆಗಲ್ಲ’ ಅಂದರೆ, ಬರೆದು ಕೊಡಿ ಅನ್ನಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಶಾಲೆ, ಪರೀಕ್ಷೆ, ವಿಕಲಚೇತನ ಮಕ್ಕಳ ಬಗ್ಗೆಯೇ ಇವೆ. ನಾಲ್ಕಕ್ಕೆ ಉತ್ತರಿಸಿದ್ದೇನೆ. ಮೊದಲನೆಯದು ಸ್ವಲ್ಪ ಉದ್ದವಾಯಿತು, ಅದೇ ಥರದ ಪತ್ರಗಳು ಜಾಸ್ತಿ ಇದ್ದವು.

ಪ್ರಶ್ನೆ: ನನ್ನ ಮಗ ಒಂಬತ್ತನೇ ತರಗತಿ. ಬಾಯಲ್ಲಿ ಕೇಳಿದರೆ ಪಾಠ ಪೂರ್ತಿ ಹೇಳುತ್ತಾನೆ, ಬರೆಯಲು ಕೂತರೆ ಒತ್ತಕ್ಷರವೆಲ್ಲ ತಪ್ಪು, ಅರ್ಧ ಪೇಪರ್ ಖಾಲಿ. ಡಾಕ್ಟರು ಡಿಸ್ಲೆಕ್ಸಿಯಾ ಇದೆ ಅಂದರು. ಶಾಲೆಯಲ್ಲಿ ಹೇಳಿದರೆ ‘ಕೈಕಾಲು ಚೆನ್ನಾಗೇ ಇದೆಯಲ್ಲ, ಟ್ಯೂಷನ್ ಹಾಕಿ’ ಅಂತಾರೆ. ಎಸ್‌ಎಸ್‌ಎಲ್‌ಸಿಯಲ್ಲಿ ಏನಾದರೂ ರಿಯಾಯಿತಿ ಇದೆಯಾ? – ಹೆಸರು ಬೇಡ, ಅರಸೀಕೆರೆ

ಇದೆ. ಅದನ್ನು ಕೇಳೋಕೆ ನೀವು ಸಂಕೋಚಪಡಬೇಕಾಗಿಲ್ಲ. 1995ರ ಹಳೇ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳು ಮಾತ್ರ ಇದ್ದವು, ಕಲಿಕಾ ನ್ಯೂನತೆ ಅದರಲ್ಲಿ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಡಿಸ್ಲೆಕ್ಸಿಯಾ (ಓದಿನ ತೊಂದರೆ), ಡಿಸ್‌ಗ್ರಾಫಿಯಾ (ಬರಹದ ತೊಂದರೆ), ಡಿಸ್‌ಕ್ಯಾಲ್ಕುಲಿಯಾ (ಲೆಕ್ಕದ ತೊಂದರೆ) ಎಲ್ಲ ಒಳಗೆ ಬಂದವು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ, ತಕ್ಕ ರೀತಿಯಲ್ಲಿ ಕಲಿಸಬೇಕು ಅಂತ 16ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ‘ಕೈಕಾಲು ಚೆನ್ನಾಗಿದೆ’ ಅನ್ನೋದು ಉತ್ತರವೇ ಅಲ್ಲ. ಪರೀಕ್ಷೆಯಲ್ಲಿ ಸ್ಕ್ರೈಬ್ (ವಿದ್ಯಾರ್ಥಿ ಹೇಳಿದ್ದನ್ನು ಬರೆದುಕೊಡುವವರು), ಹೆಚ್ಚುವರಿ ಸಮಯ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ 17ನೇ ಸೆಕ್ಷನ್‌ನಲ್ಲೇ ಇವೆ.

ಮೊದಲು ಆಗಬೇಕಾದ್ದು ಸರ್ಟಿಫಿಕೇಟ್. ಖಾಸಗಿ ಕ್ಲಿನಿಕ್ಕಿನ ಒಂದು ಚೀಟಿ ಸಾಲದು. ಕ್ಲಿನಿಕಲ್ ಸೈಕಾಲಜಿಸ್ಟ್ ಮಗುವಿನ ಐಕ್ಯೂ ನೋಡಿ, ಓದು ಬರಹ ಲೆಕ್ಕದ ಪರೀಕ್ಷೆ ಮಾಡಿ ವರದಿ ಕೊಡಬೇಕು, ಅದರ ಮೇಲೆ ಸರ್ಕಾರಿ ವೈದ್ಯರು ಸಹಿ ಹಾಕಬೇಕು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಅಲ್ಲಿ ಆಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. ಇದನ್ನೆಲ್ಲ ಹತ್ತನೇ ತರಗತಿಯ ಕೊನೆಗೆ ಇಟ್ಟುಕೊಂಡರೆ ಕೆಟ್ಟಿತು. ಪರೀಕ್ಷಾ ಮಂಡಳಿಗೆ ಹೆಸರು ನೋಂದಾಯಿಸುವಾಗಲೇ ಹೆಡ್‌ಮಾಸ್ಟರು ಈ ದಾಖಲೆಗಳನ್ನೂ ಕಳಿಸಬೇಕು, ಹಾಗಾಗಿ ಈ ವರ್ಷವೇ ಶುರು ಮಾಡಿ.

ಕೇಂದ್ರದ 2018ರ ಮಾರ್ಗಸೂಚಿ ಪ್ರಕಾರ ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಸ್ಕ್ರೈಬ್ ಸಿಕ್ಕರೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಇನ್ನೊಬ್ಬರಿಗೆ ಹೇಳಿ ಬರೆಸೋದೂ ಒಂದು ವಿದ್ಯೆಯೇ. ವರ್ಷವಿಡೀ ತಾನೇ ಬರೆದ ಹುಡುಗ ಪರೀಕ್ಷೆ ದಿನ ಮೊದಲ ಸಲ ಅಪರಿಚಿತ ಹುಡುಗನ ಪಕ್ಕ ಕೂತು, ಸಮೀಕರಣವನ್ನು, ಸಮಾಸದ ಉದಾಹರಣೆಯನ್ನು ಬಾಯಲ್ಲಿ ಹೇಳಬೇಕಾಗಿ ಬಂದರೆ ಗೊತ್ತಿರೋದೂ ಮರೆತುಹೋಗುತ್ತದೆ. ಕಿರುಪರೀಕ್ಷೆಗಳಲ್ಲೇ ರೂಢಿ ಮಾಡಿಸಿ ಅಂತ ಶಾಲೆಯವರನ್ನು ಕೇಳಿ.

ಒಂದು ಎಚ್ಚರಿಕೆ. ಗಣಿತ, ವಿಜ್ಞಾನದ ಬದಲು ಬೇರೆ ವಿಷಯ ತಗೊಳ್ಳುವ ಅವಕಾಶವೂ ಇದೆ, ಪಾಸಾಗೋದು ಸುಲಭ ಅಂತ ಶಾಲೆಯವರೇ ಅದನ್ನು ಮುಂದೆ ಮಾಡಬಹುದು. ಹಾಗೆ ಮಾಡಿದರೆ ಪಿಯುಸಿ ವಿಜ್ಞಾನ, ಡಿಪ್ಲೊಮಾ ಎರಡೂ ಕೈತಪ್ಪುತ್ತವೆ. ಬಾಯಲ್ಲಿ ಪಾಠ ಪೂರ್ತಿ ಹೇಳುವ ಹುಡುಗನಿಗೆ ಅದರ ಅಗತ್ಯ ನನಗಂತೂ ಕಾಣುತ್ತಿಲ್ಲ. ಸಮಯ, ಸ್ಕ್ರೈಬ್ ಎರಡನ್ನೂ ಹಿಡಿಯಿರಿ. ವಿಷಯ ಬಿಡುವ ಮಾತಿಗೆ ಅವನನ್ನೇ ಕೂರಿಸಿಕೊಂಡು ಕೇಳಿ.

ಪ್ರಶ್ನೆ: ಪಿಯುಸಿ ಓದುತ್ತಿದ್ದೇನೆ. ಬಲಗೈ ನಡುಕ, ಹತ್ತು ನಿಮಿಷ ಬರೆದರೆ ಬೆರಳು ಹಿಡಿದುಕೊಳ್ಳುತ್ತದೆ. ಸರ್ಟಿಫಿಕೇಟಿನಲ್ಲಿ 30% ಅಂತಿದೆ. 40% ಇಲ್ಲದಿದ್ದರೆ ಏನೂ ಇಲ್ಲ ಅಂತ ಕಾಲೇಜಿನಲ್ಲಿ ಹೇಳಿದರು. – ಓದುಗ, ಶಿರಸಿ

ಕಾಲೇಜಿನವರು ಹೇಳಿದ್ದು ಅರ್ಧ ಸರಿ. ಸೀಟು, ನೌಕರಿಯ ಮೀಸಲಾತಿಗೆ 40% ಬೇಕು. ಸ್ಕ್ರೈಬ್‌ಗೆ ಬೇಡ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಅವರದೂ ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆಯೇ, ಯುಪಿಎಸ್‌ಸಿ ಸ್ಕ್ರೈಬ್ ಕೊಟ್ಟಿರಲಿಲ್ಲ. ಬರೆಯಲು ಆಗುತ್ತದೋ ಇಲ್ಲವೋ ಅನ್ನೋದು ಮುಖ್ಯ, ಶೇಕಡಾವಾರು ಅಲ್ಲ ಅಂತ ಕೋರ್ಟು ತೀರ್ಪು ಕೊಟ್ಟಿತು. ಅದಾದ ಮೇಲೆ 2022ರಲ್ಲಿ ಕೇಂದ್ರ ಸರ್ಕಾರ 40ಕ್ಕಿಂತ ಕಡಿಮೆ ಇರುವವರಿಗೇ ಬೇರೆ ಮಾರ್ಗಸೂಚಿ ಹೊರಡಿಸಿತು. ‘ಬರೆಯಲು ತೊಂದರೆ ಇದೆ’ ಅಂತ ಸರ್ಕಾರಿ ಆಸ್ಪತ್ರೆಯಿಂದ ಅದರ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸಿ, ಮಾರ್ಗಸೂಚಿಯ ಪ್ರತಿ ಜೊತೆಗಿಟ್ಟು ಪ್ರಾಂಶುಪಾಲರಿಗೆ ಅರ್ಜಿ ಕೊಡಿ.

ಮಂಜೂರಾದ ಆದೇಶವನ್ನು ಪರೀಕ್ಷೆಗೆ ಮೊದಲೇ ಕೇಂದ್ರದ ಮುಖ್ಯಸ್ಥರಿಗೆ ತೋರಿಸಿ. 2021ರ ನೀಟ್‌ನಲ್ಲಿ ಡಿಸ್‌ಗ್ರಾಫಿಯಾ ಇದ್ದ ಒಬ್ಬ ವಿದ್ಯಾರ್ಥಿನಿಗೆ ಹಕ್ಕಿನಿಂದ ಸಿಗಬೇಕಿದ್ದ ಒಂದು ಗಂಟೆ ಕೊಡದೆ, ಕೇಂದ್ರದಲ್ಲಿ ಪೇಪರ್ ಕಿತ್ತುಕೊಂಡರು. ಸುಪ್ರೀಂ ಕೋರ್ಟ್ ಅದು ಅನ್ಯಾಯ ಅಂತ ಒಪ್ಪಿತು, ಆದರೆ ಮರುಪರೀಕ್ಷೆ ಮಾತ್ರ ಸಿಗಲಿಲ್ಲ. ಕೊಠಡಿ ಮೇಲ್ವಿಚಾರಕರಿಗೆ ಎಷ್ಟೋ ಸಲ ನಿಯಮವೇ ಗೊತ್ತಿರಲ್ಲ.

ಪ್ರಶ್ನೆ: ಮಗಳಿಗೆ ಸ್ನಾಯು ಕ್ಷಯ, ಗಾಲಿಕುರ್ಚಿಯಲ್ಲಿದ್ದಾಳೆ. ಸರ್ಕಾರಿ ಪ್ರೌಢಶಾಲೆ. ಈ ವರ್ಷ ಒಂಬತ್ತನೇ ತರಗತಿ ಮಹಡಿ ಮೇಲೆ. ದಿನಾ ಎತ್ತಿಕೊಂಡು ಹತ್ತಿಸೋದು ಕಷ್ಟ ಅಂದರೆ ‘ಗೃಹಾಧಾರಿತ ಶಿಕ್ಷಣಕ್ಕೆ ಹಾಕೋಣ’ ಅಂತಿದ್ದಾರೆ. – ತಂದೆ, ಗಂಗಾವತಿ

ಬೇಡ ಅನ್ನಿ. ಗೃಹಾಧಾರಿತ ಶಿಕ್ಷಣ ಇರೋದು ಶಾಲೆಗೆ ಬರಲಾಗದ ಮಕ್ಕಳಿಗೆ. ನಿಮ್ಮ ಮಗಳು ಬರುತ್ತಿದ್ದಾಳೆ, ಮೆಟ್ಟಿಲು ಅಡ್ಡ ಬಂದಿದೆ ಅಷ್ಟೇ. ಒಂಬತ್ತನೇ ತರಗತಿಯನ್ನು ಕೆಳಗೆ ತಂದು, ಇನ್ನೊಂದು ತರಗತಿಯನ್ನು ಮೇಲೆ ಕಳಿಸಿದರೆ ಆಯಿತು, ಅಲ್ವಾ? ಒಂದು ರೂಪಾಯಿ ಖರ್ಚಿಲ್ಲ, ಬೆಂಚು ಎತ್ತಿಡೋಕೆ ಅರ್ಧ ದಿನ ಸಾಕು. ಇಂಥದ್ದನ್ನೇ ಕಾಯ್ದೆ ‘ಸೂಕ್ತ ಹೊಂದಾಣಿಕೆ’ ಅನ್ನುತ್ತದೆ, ಮಾಡದಿದ್ದರೆ ಅದು ತಾರತಮ್ಯ.

ಶೌಚಾಲಯದ ಬಗ್ಗೆ ನೀವು ಬರೆದಿಲ್ಲ. ದಯವಿಟ್ಟು ಮಗಳನ್ನು ಕೇಳಿ. ಕುರ್ಚಿ ಒಳಗೆ ಹೋಗಲ್ಲ ಅಂತ ಬೆಳಗ್ಗೆಯಿಂದ ನೀರೇ ಕುಡಿಯದೆ ಕೂರುವ ಹೆಣ್ಣುಮಕ್ಕಳಿದ್ದಾರೆ. ಇಳಿಜಾರು ಕಟ್ಟಿಸಿದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಲಿ, ಎಷ್ಟೋ ಶಾಲೆಗಳಲ್ಲಿ ಸುಮ್ನೆ ಲೆಕ್ಕಕ್ಕೆ ಅಂತ ಕಟ್ಟಿದ ಜಾರುಬಂಡೆಗಳಿವೆ.

ಹೆಡ್‌ಮಾಸ್ಟರಿಗೆ ಬರೆದು ಕೊಟ್ಟು ಸ್ವೀಕೃತಿ ಸಹಿ ತಗೊಳ್ಳಿ. ಪ್ರತಿಯನ್ನು ಬಿಇಒಗೂ ಕಳಿಸಿ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೇ ಅಂತ ಬಿಐಇಆರ್‌ಟಿ (ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕರಿರುತ್ತಾರೆ, ಅವರನ್ನು ನೋಡಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಪ್ರೋತ್ಸಾಹಧನ ಇದೆ, ಓಡಾಟದ ಭತ್ಯೆಯೂ ಇದೆ. ಬರುತ್ತಿದೆಯಾ ಅಂತ ಕೇಳಿ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇನ್ನೂ ಆಗಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅರ್ಜಿ ಹಾಕಿಕೊಡುತ್ತಾರೆ.

ಪ್ರಶ್ನೆ: ಅಮೆರಿಕದಿಂದ ಬೆಂಗಳೂರಿಗೆ ವಾಪಸ್ ಬಂದಿದ್ದೇವೆ. ಏಳು ವರ್ಷದ ಮಗನಿಗೆ ಆಟಿಸಂ. ಅಲ್ಲಿ ಐಇಪಿ (ಅವನಿಗೇ ಅಂತ ಮಾಡಿದ ಕಲಿಕಾ ಯೋಜನೆ) ಇತ್ತು. ಇಲ್ಲಿ ಎರಡು ಖಾಸಗಿ ಶಾಲೆಯವರು ಅವನನ್ನು ಮಾತಾಡಿಸಿ ನೋಡಿ, ‘ಸ್ಪೆಷಲ್ ಸ್ಕೂಲಿಗೆ ಸೇರಿಸಿ’ ಅಂದರು. ಐಇಪಿ ಇಲ್ಲಿ ನಡೆಯುತ್ತಾ? – ತಾಯಿ, ಬೆಂಗಳೂರು

ಕಾನೂನಿನ ಲೆಕ್ಕದಲ್ಲಿ ನಡೆಯಲ್ಲ. ಅದು ಅಲ್ಲಿನ ಕಾಯ್ದೆಯ ದಾಖಲೆ. ಆದರೆ ಎಸೆಯಬೇಡಿ. ಯಾವ ಸದ್ದಿಗೆ ಹೆದರುತ್ತಾನೆ, ಎಷ್ಟು ಹೊತ್ತು ಕೂರುತ್ತಾನೆ, ಹೇಗೆ ಹೇಳಿದರೆ ಅರ್ಥವಾಗುತ್ತದೆ ಅಂತೆಲ್ಲ ಅದರಲ್ಲಿರುತ್ತದೆ. ಅದನ್ನು ಒಂದು ಪುಟಕ್ಕೆ ಇಳಿಸಿ ಕ್ಲಾಸ್ ಟೀಚರ್ ಕೈಗೆ ಕೊಡಿ. ನಲವತ್ತು ಪುಟದ ಫೈಲ್ ಯಾರೂ ಓದಲ್ಲ.

ಮಗುವನ್ನು ಪರೀಕ್ಷಿಸಿ ಸೀಟು ನಿರಾಕರಿಸೋದನ್ನು ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ, ಮೊದಲ ಸಲಕ್ಕೆ 25 ಸಾವಿರದವರೆಗೆ ದಂಡ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆರ್‌ಟಿಇ ಅನ್ವಯಿಸಲ್ಲ. ಅಂಥ ಶಾಲೆಯಾಗಿದ್ದರೆ 2016ರ ಕಾಯ್ದೆಯ ಮೇಲೆ ಕೇಳಬೇಕು. ನಿರಾಕರಿಸಿದ ಕಾರಣವನ್ನು ಬರೆದು ಕೊಡಿ ಅನ್ನಿ. ಅಲ್ಲಿಗೇ ಎಷ್ಟೋ ಶಾಲೆಗಳ ದನಿ ಬದಲಾಗುತ್ತದೆ. ಕೊಡದಿದ್ದರೆ, ನಡೆದದ್ದನ್ನು ತಾರೀಖಿನೊಂದಿಗೆ ನೀವೇ ಇಮೇಲ್ ಮಾಡಿ, ಅದೂ ದಾಖಲೆಯೇ. ಆಮೇಲೆ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು), ಅಲ್ಲಿಂದ ವಿಕಲಚೇತನರ ರಾಜ್ಯ ಆಯುಕ್ತರು. ವಿಚಾರಣೆಗೆ ಕರೆಸುವುದು, ದಾಖಲೆ ತರಿಸುವುದು ಇಂಥ ವಿಷಯಗಳಲ್ಲಿ ಆಯುಕ್ತರಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ.

ದೂರು ಕೊಟ್ಟು ಗೆದ್ದ ಶಾಲೆಗೇ ಮಗುವನ್ನು ಕಳಿಸಬೇಕಾ ಅನ್ನೋದು ಬೇರೆ ಪ್ರಶ್ನೆ. ಏಳು ವರ್ಷದ ಮಗು ಬೇಡವೆಂದವರ ನಡುವೆ ದಿನಕ್ಕೆ ಆರು ಗಂಟೆ ಕೂರಬೇಕಾಗುತ್ತದೆ. ದೂರು ಕೊಡಿ, ಜೊತೆಗೆ ಬೇರೆ ಶಾಲೆಯನ್ನೂ ಹುಡುಕುತ್ತಿರಿ. ಈಗಾಗಲೇ ಇಂಥ ಮಕ್ಕಳು ಓದುತ್ತಿರುವ ಶಾಲೆಗಳ ಪೋಷಕರನ್ನು ವಿಚಾರಿಸಿ. ಶ್ಯಾಡೋ ಟೀಚರ್ (ತರಗತಿಯಲ್ಲಿ ಮಗುವಿನ ಜೊತೆಗೇ ಇದ್ದು ನೆರವಾಗುವವರು) ಸಂಬಳ ಯಾರು ಕೊಡಬೇಕು ಅನ್ನೋದನ್ನು ಫೀಸ್ ಕಟ್ಟುವ ಮೊದಲೇ ಬರಹದಲ್ಲಿ ತಗೊಳ್ಳಿ.