ಬೆಳಗಾವಿಯಲ್ಲಿ ಕೂಡಿ ಹೆಣೆದು ದಾನ ಕೊಡುವ ಗುಂಪು ಸಿಗುತ್ತದೆಯೇ?

ವರ್ಗಾವಣೆ ಮೇಲೆ ಬೆಳಗಾವಿಗೆ ಬಂದಿದ್ದೀರಿ, ಸ್ವೆಟರ್ ಕಡ್ಡಿ ಹಿಡಿಯಲು ಅಷ್ಟಿಷ್ಟು ಬರುತ್ತದೆ, ಮರಾಠಿ ಬರುವುದಿಲ್ಲ, ನಾಲ್ಕು ಮಂದಿ ಜೊತೆ ಕೂತು ಹೆಣೆದು ಬೇಕಾದವರಿಗೆ ಕೊಡುವಂಥ ಗುಂಪು ಸಿಗುತ್ತದೆಯೇ ಎಂದು ಕೇಳಿದ್ದೀರಿ. ಸಿಗುತ್ತದೆ. ಆದರೆ ಬೋರ್ಡು ಹಾಕಿಕೊಂಡು ಕೂತಿರುವುದಿಲ್ಲ. ನಮ್ಮೂರಲ್ಲಿ ಇಂಥ ಗುಂಪುಗಳು ಭಜನಾ ಮಂಡಳಿಯೊಳಗೋ, ಭಿಶಿ ಅಂದರೆ ಚೀಟಿ ಹಾಕುವ ಗುಂಪಿನೊಳಗೋ ಇರುತ್ತವೆ. ಮಂಗಳವಾರ ತಾಳ ಹಿಡಿದವರೇ ಗುರುವಾರ ಉಲನ್ ಚೀಲ ಹಿಡಿದು ಬರುತ್ತಾರೆ. ಹುಡುಕಲು ಒಂದು ಸುಲಭದ ದಾರಿ ಇದೆ. ಖಡೇಬಜಾರ್, ಗಣಪತಿ ಗಲ್ಲಿ ಕಡೆ ಹೋಗಿ, ಉಲನ್ ಮಾರುವ ಅಂಗಡಿಯಲ್ಲಿ ಒಂದೇ ಬಣ್ಣದ ಉಂಡಿಗಳನ್ನು ಡಜನ್‌ಗಟ್ಟಲೆ ಒಯ್ಯುವವರು ಯಾರು ಅಂತ ಕೇಳಿ. ಮನೆಮಂದಿಗಷ್ಟೇ ಹೆಣೆಯುವವರು ಅಷ್ಟೊಂದು ಒಯ್ಯುವುದಿಲ್ಲ. ಒಯ್ಯುವವರ ಓಣಿ, ಮನೆ ಎಲ್ಲ ಅಂಗಡಿಯವರಿಗೆ ಗೊತ್ತಿರುತ್ತದೆ.

ಮರಾಠಿ ಚಿಂತೆ ಬಿಡಿ. ನಮ್ಮ ಗುಂಪಿನಲ್ಲಿ ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುತ್ತದೆ, ಆಡಿದವರಿಗೂ ಅದರ ಖಬರು ಇರುವುದಿಲ್ಲ. ಸುಲಟ ಅಂದರೆ ನೇರ ಹೆಣಿಕೆ, ಉಲಟ ಅಂದರೆ ತಿರುವು ಹೆಣಿಕೆ, ಟಾಕಿ ಅಂದರೆ ಕಡ್ಡಿಯ ಮೇಲಿನ ಒಂದೊಂದು ಕುಣಿಕೆ, ಇಷ್ಟು ತಿಳಿದರೆ ಸಾಕು. ಹಿರಿಯರನ್ನು ಕಾಕು ಅನ್ನಿ, ಸರೀಕರನ್ನು ವೈನಿ ಅನ್ನಿ.

ಏನು ಹೆಣೆಯಬೇಕು ಎಂಬ ವಿಷಯದಲ್ಲಿ ಮಾತ್ರ ನನ್ನದು ಸ್ವಲ್ಪ ಖಡಕ್ ಮಾತು. ತೆಗೆದುಕೊಳ್ಳುವವರನ್ನು ಕೇಳದೆ ಒಂದು ಟಾಕಿಯನ್ನೂ ಹಾಕಬೇಡಿ. ರಿಬ್ಬನ್ ಪೋಣಿಸಿದ ಪುಟ್ಟ ಬೂಟು, ಮುತ್ತಿನ ಗುಂಡಿಯ ಸ್ವೆಟರ್, ತುದಿಗೆ ಗೊಂಡೆ ಕಟ್ಟಿದ ಟೊಪ್ಪಿಗೆ, ಇವೆಲ್ಲ ಹೆಣೆಯುವವರ ಖುಷಿಗೆ. ಆಸ್ಪತ್ರೆಯಲ್ಲಿ ಎಳೆಗೂಸುಗಳ ವಾರ್ಡಿನ ಸಿಸ್ಟರ್‌ಗೆ ತೋರಿಸಿದರೆ ಅವರು ಮೊದಲು ರಿಬ್ಬನ್ ಎಳೆದು ನೋಡುತ್ತಾರೆ, ಆಮೇಲೆ ಗುಂಡಿ ಎಳೆಯುತ್ತಾರೆ, ಆಮೇಲೆ ನಕ್ಕು ಬದಿಗಿಡುತ್ತಾರೆ. ಅವರು ಕೇಳುವುದು ಸಾದಾ ಟೊಪ್ಪಿಗೆ.

ಅದಕ್ಕೆ ಕಾರಣವಿದೆ. 37 ವಾರ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಚರ್ಮದ ಕೆಳಗೆ ಕೊಬ್ಬು ಕಡಿಮೆ, ಮೈಯ ಲೆಕ್ಕದಲ್ಲಿ ತಲೆ ದೊಡ್ಡದು, ಮೈಕಾವು ಅಲ್ಲಿಂದ ಬೇಗ ಹೋಗುತ್ತದೆ. 1978ರ ಸುಮಾರಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಬಂದಾಗ ವೈದ್ಯರು ಕೂಸನ್ನು ತಾಯಿಯ ಎದೆಗೇ ಬರಿಮೈಯಲ್ಲಿ ಒರಗಿಸಿ ಕಟ್ಟಿದರು. ಕಾಂಗರೂ ಆರೈಕೆ ಅಂತ ಅದು ಈಗ ನಮ್ಮ ಸರಕಾರಿ ಆಸ್ಪತ್ರೆಗಳಲ್ಲೂ ಇದೆ. ಆಗ ಕೂಸಿನ ಮೈಮೇಲಿರುವುದು ಲಂಗೋಟಿ, ಕಾಲುಚೀಲ, ಟೊಪ್ಪಿಗೆ ಮಾತ್ರ. ಹಾಗಾಗಿ ಟೊಪ್ಪಿಗೆ ಎಷ್ಟಿದ್ದರೂ ಖರ್ಚಾಗುತ್ತದೆ.

ಅಳತೆ ಬರೆದುಕೊಳ್ಳಿ. ದಿನ ತುಂಬಿ ಹುಟ್ಟಿದ ಕೂಸಿನ ತಲೆಸುತ್ತು ಸುಮಾರು 33ರಿಂದ 35 ಸೆಂಟಿಮೀಟರ್. ಬೇಗ ಹುಟ್ಟಿದವುಗಳದ್ದು 28, 29, ಕೆಲವೊಮ್ಮೆ ಇನ್ನೂ ಕಡಿಮೆ. ಹೆಣಿಕೆ ಹಿಗ್ಗುವುದರಿಂದ ಟೊಪ್ಪಿಗೆ ತಲೆಗಿಂತ ಮೂರು ನಾಲ್ಕು ಸೆಂಟಿಮೀಟರ್ ಸಣ್ಣದೇ ಇರಬೇಕು. 10 ನಂಬರ್ ಕಡ್ಡಿ, ತೆಳು ಉಲನ್, ಹತ್ತು ಸೆಂಟಿಮೀಟರಿಗೆ 28 ಟಾಕಿ ಬೀಳುವ ಕೈಯಾದರೆ ಸಣ್ಣದಕ್ಕೆ 72, ದೊಡ್ಡದಕ್ಕೆ 84 ಟಾಕಿ ಹಾಕಿ. ಅಂಚಿಗೆ ಎರಡು ಸುಲಟ, ಎರಡು ಉಲಟ. ಒಂದು ಟೊಪ್ಪಿಗೆಗೆ 20 ಗ್ರಾಮ್ ನೂಲು ಸಾಕು, ಅಂದರೆ 50 ಗ್ರಾಮಿನ ಉಂಡಿಯಲ್ಲಿ ಎರಡಾಗುತ್ತವೆ. ದೊಡ್ಡ ಅಳತೆಯದನ್ನು ನಾವು ಸುಲಿದ ತೆಂಗಿನಕಾಯಿಗೆ ಪಂಜೆಯ ತುಂಡು ಸುತ್ತಿ ಅದರ ಮೇಲೆ ಹಾಕಿ ನೋಡುತ್ತೇವೆ. ಸಂಜೆ ಆ ಕಾಯಿ ಯಾರ ಮನೆ ಚಟ್ನಿಗೆ ಎಂಬುದರ ಮೇಲೆ ಜಗಳ ಬೇರೆ.

ಮುಗಿದ ಟೊಪ್ಪಿಗೆಯನ್ನು ಕಾಕು ತಿರುವಿ, ಒಳಮೈ ಹೊರಗೆ ಮಾಡಿ, ಹೆಬ್ಬೆರಳನ್ನು ಸಾಲುಸಾಲಾಗಿ ಎಳೆಯುತ್ತಾರೆ. ಎಲ್ಲಾದರೂ ಉಗುರಿಗೆ ನೂಲಿನ ಕುಣಿಕೆ ಸಿಕ್ಕಿತೋ, ‘ಬಿಚ್ಚವಾ ಇದನ್ನ’ ಅನ್ನುತ್ತಾರೆ, ಅಷ್ಟೇ. ಬೈದರು ಅಂತ ಬೇಜಾರು ಮಾಡಿಕೊಳ್ಳಬೇಡಿ. ಎಳೆಗೂಸಿನ ಬೆರಳಿಗೆ ಸಡಿಲ ನೂಲು ಸುತ್ತಿಕೊಂಡರೆ ರಕ್ತ ನಿಂತು ಬೆರಳಿಗೇ ಅಪಾಯ. ಕೈಚೀಲ, ಕಾಲುಚೀಲಗಳಲ್ಲಿ ಇದು ಇನ್ನೂ ಹೆಚ್ಚು. ಜಾಳುಜಾಳು ಡಿಸೈನ್ ಕೂಡ ಬೇಡ.

ಒಗೆಯುವ ಪದ್ಧತಿಯನ್ನೂ ಆಸ್ಪತ್ರೆಯಲ್ಲಿ ಕೇಳಿ. 121 ಡಿಗ್ರಿ ಹಬೆಯಲ್ಲಿ ಬೇಯಿಸುವ ಕಡೆ ಅಕ್ರಿಲಿಕ್ ನೂಲು, ಅಂದರೆ ಕೃತಕ ಉಲನ್, ಸೋತು ಜೋತುಬೀಳುತ್ತದೆ, ಅಲ್ಲಿಗೆ ಹತ್ತಿ ನೂಲೇ ಆಗಬೇಕು. ವಿಜಯಪುರ, ಬಾಗಲಕೋಟೆ ಕಡೆ ಕಳಿಸುವುದಿದ್ದರೂ ಹತ್ತಿಯೇ ಒಳ್ಳೆಯದು. ಅಲ್ಲಿಯ ಏಪ್ರಿಲ್ ಬಿಸಿಲಿಗೆ ಉಲನ್ ಕೊಟ್ಟರೆ ಬಾಣಂತಿ ಶಾಪ ಹಾಕಿಯಾಳು. ಇನ್ನೊಂದು ಮಾತು, ಆರೋಗ್ಯವಾಗಿ ಮನೆಗೆ ಹೋದ ಕೂಸಿಗೆ ಮಲಗಿಸುವಾಗ ಟೊಪ್ಪಿಗೆ ತೆಗೆಯಬೇಕು. ಮೈ ಅತಿಯಾಗಿ ಕಾಯುತ್ತದೆ, ಜಾರಿ ಮುಖಕ್ಕೂ ಬರಬಹುದು. ಕೊಡುವಾಗ ಇದನ್ನು ತಾಯಿಗೆ ಬಾಯಿಬಿಟ್ಟು ಹೇಳಿ. ಕುಂಚಿಗೆ ಕಟ್ಟಿಯೇ ಮಲಗಿಸುವ ಅಜ್ಜಿ ಪಕ್ಕದಲ್ಲಿದ್ದರೆ ಅವರಿಗೂ ಹೇಳಿ, ಧೈರ್ಯವಿದ್ದರೆ.

ಇನ್ನು ಚಳಿಗಾಲ. ದೀಪಾವಳಿ ಹೊತ್ತಿಗೆ ಕಬ್ಬಿನ ಹಂಗಾಮು ಶುರುವಾಗಿ, ಬೀಡ್ ಕಡೆಯಿಂದ, ನಮ್ಮದೇ ವಿಜಯಪುರ ಕಡೆಯಿಂದ ಕಡಿಯುವ ಗ್ಯಾಂಗುಗಳು ಮಕ್ಕಳುಮರಿ ಸಮೇತ ಬಂದು ಹೊಲದ ಬದಿಗೆ ತಾಡಪಾಲಿನ ಗುಡಿಸಲು ಹಾಕುತ್ತವೆ. ಡಿಸೆಂಬರ್ ನಸುಕಿನಲ್ಲಿ ಆ ಮಕ್ಕಳನ್ನು ನೋಡಿದ ಯಾರಿಗೂ ಸ್ವೆಟರ್ ಹೆಣೆದುಕೊಡೋಣ ಅನ್ನಿಸುತ್ತದೆ. ಆದರೆ ಅವು ಬೆಚ್ಚಗೆ ಕೂರುವುದು ಕಟ್ಟಿಗೆ ಒಲೆಯ ಮುಂದೆ. ಅಕ್ರಿಲಿಕ್ಕಿಗೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೇ ಅಂಟುತ್ತದೆ. ನಿಜವಾದ ಕುರಿ ಉಣ್ಣೆ ಹಾಗೆ ಬೇಗ ಹೊತ್ತಿಕೊಳ್ಳುವುದಿಲ್ಲ, ಆದರೆ ದುಬಾರಿ. ನಮ್ಮ ಕಡೆಯ ಕುರಿಯದ್ದು ಕಂಬಳಿಗೆ ಸರಿ, ಮಕ್ಕಳ ಮೈಗೆ ಚುಚ್ಚುತ್ತದೆ. ಅದಕ್ಕೇ ಅವರಿಗೆ ನಾವು ಕೌದಿ ಹೊಲಿಯುತ್ತೇವೆ. ಹತ್ತಿ ನೂಲಿನ ಹಳೇ ಇಳಕಲ್ ಸೀರೆ, ಧೋತರ, ಪದರದ ಮೇಲೆ ಪದರ ಹಾಸಿ ಅಂಚಿನಿಂದ ಒಳಕ್ಕೆ ದಾರ ಓಡಿಸುತ್ತಾ ಬರುವುದು. ಹೆಣಿಕೆ ಬಾರದವರೂ ಅದಕ್ಕೆ ಕೂರಬಹುದು, ಒಂದೇ ಕೌದಿಗೆ ನಾಲ್ಕು ಕಡೆಯಿಂದ ನಾಲ್ವರು. ಮಾತು ಚೆನ್ನಾಗಿ ಸಾಗುವುದೂ ಕೌದಿಯ ದಿನವೇ.

2016ರಲ್ಲಿ ಚೆನ್ನೈನಲ್ಲಿ ಹೆಂಗಸರು ಕ್ರೋಶಾ ಚಾದರಗಳನ್ನು ಜೋಡಿಸಿ 11 ಸಾವಿರ ಚದರ ಮೀಟರ್ ದಾಟಿಸಿ ಗಿನ್ನೆಸ್ ದಾಖಲೆ ಮಾಡಿದರು, ಆಮೇಲೆ ಬಿಡಿಸಿ ದಾನ ಕೊಟ್ಟರು. ನಮ್ಮಲ್ಲೂ ಅಂಥದ್ದು ಮಾಡೋಣ ಅಂತ ಯಾರಾದರೂ ಎದ್ದು ನಿಲ್ಲುತ್ತಲೇ ಇರುತ್ತಾರೆ. ನನಗಂತೂ ಉತ್ಸಾಹವಿಲ್ಲ, ಒಂದು ವಾರ್ಡಿಗೆ ತಿಂಗಳಿಗಿಷ್ಟು ಅಂತ ತಪ್ಪದೆ ಮುಟ್ಟಿಸುವುದೇ ಸಾಕಷ್ಟು ಕೆಲಸ. ಕೈ ಪಳಗಿದ ಮೇಲೆ ಬೇಕಾದರೆ ಇನ್ನೊಂದು ಕಲಿಯಿರಿ. ಸ್ತನ ಕ್ಯಾನ್ಸರ್ ಆಪರೇಷನ್ ಆದವರು ಬ್ರಾ ಒಳಗೆ ಇಟ್ಟುಕೊಳ್ಳಲು ಮೆತ್ತನೆ ಹತ್ತಿ ನೂಲಿನಲ್ಲಿ ಹೆಣೆದು, ಒಳಗೆ ಹಗುರ ಪಾಲಿಯೆಸ್ಟರ್ ತುಂಬಿಕೊಡುವ ಸ್ತನ. ಅಮೆರಿಕದಲ್ಲಿ 2011ರ ನಂತರ ಹಬ್ಬಿದ ಇದು ಭಾರತದಲ್ಲೂ ಉಚಿತವಾಗಿ ಸಿಗುತ್ತಿದೆ. ಗಾಯ ಪೂರ್ತಿ ಮಾಯ್ದ ಮೇಲೆ, ವೈದ್ಯರನ್ನು ಕೇಳಿಯೇ ಬಳಸಬೇಕು.

ಮೊದಲ ದಿನ 10 ನಂಬರ್ ಕಡ್ಡಿ ಒಂದು ಜೋಡಿ, ತಿಳಿ ಬಣ್ಣದ ಒಂದು ಉಂಡಿ ತನ್ನಿ. ಕಪ್ಪು, ಕಡುನೀಲಿ ಬೇಡ, ಸಂಜೆ ಬೆಳಕಿಗೆ ಟಾಕಿ ಕಾಣುವುದಿಲ್ಲ. ಮುಂದಿನ ನೂಲಿಗೆ ಎಲ್ಲರೂ ಸೇರಿ ಪಟ್ಟಿ ಹಾಕುತ್ತೇವೆ. ದಾನ ಕೊಡುವಾಗ ಬಾಣಂತಿಯನ್ನು ನಡುವೆ ನಿಲ್ಲಿಸಿಕೊಂಡು ಫೋಟೋ ತೆಗೆಸುವ ಗುಂಪು ಸಿಕ್ಕರೆ ಮಾತ್ರ, ಚಹಾ ಕುಡಿದು ಎದ್ದು ಬನ್ನಿ, ಬೇರೆ ಗುಂಪು ಸಿಗುತ್ತದೆ.