ದಾವಣಗೆರೆಯಲ್ಲಿ ಬಾಡಿಗೆ ಮನೆ: ಕಮಿಷನ್ ಜೊತೆಗೆ ಬ್ರೋಕರ್ ಕೇಳುತ್ತಿರುವ ಬೇರೆ ಫೀಸುಗಳನ್ನೂ ಕೊಡಬೇಕಾ?

ನೀವು ಬರೆದ ಲೆಕ್ಕ ಹೀಗಿದೆ: ವಿದ್ಯಾನಗರದಲ್ಲಿ ಮನೆ, ಬಾಡಿಗೆ 10,000, ಅಡ್ವಾನ್ಸ್ 60,000. ಬ್ರೋಕರ್ ಕೇಳುತ್ತಿರುವುದು ಕಮಿಷನ್ 10,000, ಅದರ ಮೇಲೆ ಜಿಎಸ್‌ಟಿ 1,800, ಅಗ್ರಿಮೆಂಟ್ ಖರ್ಚು 2,500, ಕರೆಂಟ್ ಮೀಟರ್ ಬದಲಾವಣೆಗೆ 1,000. ಹನ್ನೊಂದು ತಿಂಗಳಾದ ಮೇಲೆ ಮುಂದುವರಿದರೆ ಮತ್ತೆ ಅರ್ಧ ತಿಂಗಳ ಬಾಡಿಗೆ. ಟೋಕನ್ ಅಂತ 3,000 ಆಗಲೇ ಫೋನ್‌ಪೇ ಮಾಡಿದ್ದೀರಿ.

ಇದರಲ್ಲಿ ಚೌಕಾಸಿ ಮಾಡಿ ಕೊಡಬೇಕಾದದ್ದು ಕಮಿಷನ್ ಒಂದೇ. ಬಾಕಿ ಪ್ರತಿಯೊಂದಕ್ಕೂ "ಯಾರು ಮಾಡಿದ ಕೆಲಸ, ರಸೀದಿ ಎಲ್ಲಿ?" ಅಂತ ಕೇಳಿ. ಉತ್ತರ ಬರದಿದ್ದರೆ ಕೊಡಬೇಡಿ.

ಕಮಿಷನ್ ಇಷ್ಟೇ ಇರಬೇಕು ಅಂತ ದರಪಟ್ಟಿ ಯಾವುದೂ ಇಲ್ಲ. ಒಂದು ತಿಂಗಳ ಬಾಡಿಗೆ ಅನ್ನುವುದು ರೂಢಿ ಅಷ್ಟೇ, ಅರ್ಧಕ್ಕೆ ಒಪ್ಪುವವರೂ ಇದ್ದಾರೆ. ಹಾಗಾಗಿ ಮನೆ ತೋರಿಸುವ ಮೊದಲು ಏನು ಮಾತಾಗಿತ್ತು ಅನ್ನುವುದೇ ಮುಖ್ಯ. ಮಾಲೀಕರಿಂದಲೂ ತಗೊಳ್ತಿದ್ದಾರಾ ಅಂತ ನೇರವಾಗಿ ಕೇಳಿ. ಎರಡೂ ಕಡೆ ತಗೊಳ್ಳುವುದು ತಪ್ಪೇನಲ್ಲ, ಆದರೆ ನಿಮ್ಮ ಪಾಲು ಇಳಿಸಲು ಅದು ಒಳ್ಳೆಯ ಕಾರಣ. ಭೋಗ್ಯದ ಮನೆಯಾದರೆ ತಿಂಗಳ ಬಾಡಿಗೆಯೇ ಇರುವುದಿಲ್ಲ, ಶೇಕಡಾ ಲೆಕ್ಕ ಹೇಳುತ್ತಾರೆ. ಅಲ್ಲಿ ಶೇಕಡಾವಾರು ಬಿಟ್ಟು ರೂಪಾಯಿಯಲ್ಲೇ ಮೊತ್ತ ಹೇಳಿಸಿ.

ಜಿಎಸ್‌ಟಿ ಕೇಳಿದರೆ ನಂಬರ್ ಇರುವ ಬಿಲ್ ಕೇಳಿ. ನಂಬರ್ 15 ಅಕ್ಷರ-ಅಂಕಿಗಳದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಿಗಿದೆ, ಚಾಲ್ತಿಯಲ್ಲಿದೆಯಾ ಅಂತ ತಕ್ಷಣ ಗೊತ್ತಾಗುತ್ತದೆ. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಹೆಸರಲ್ಲಿ ಒಂದು ರೂಪಾಯಿಯನ್ನೂ ವಸೂಲಿ ಮಾಡುವಂತಿಲ್ಲ.

ಅಗ್ರಿಮೆಂಟ್‌ನಲ್ಲಿ ಎರಡೇ ಖರ್ಚು: ಇ-ಸ್ಟ್ಯಾಂಪ್ ಮತ್ತು ಟೈಪಿಂಗ್. ಎಷ್ಟು ಮುದ್ರಾಂಕ ಶುಲ್ಕ ಕಟ್ಟಿದ್ದಾರೆ ಅಂತ ಇ-ಸ್ಟ್ಯಾಂಪ್ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ನೋಡದೆ 2,500 ಕೊಡಬೇಡಿ. ಇ-ಸ್ಟ್ಯಾಂಪ್ ಅನ್ನು ನೀವೇ ತರಬಹುದು. ದುಡ್ಡಿಗಿಂತ ದೊಡ್ಡ ಅಪಾಯ ಒಳಗಿನ ಬರಹದಲ್ಲಿರುತ್ತದೆ. ಹಳೆಯ ಬಾಡಿಗೆದಾರರ ಕರಾರನ್ನೇ ತೆಗೆದು ಹೆಸರು ಮಾತ್ರ ಬದಲಿಸುವುದರಿಂದ "ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಡಿತ" ಅನ್ನುವಂಥ ಸಾಲುಗಳು ಹಾಗೇ ಉಳಿದುಬಿಡುತ್ತವೆ. ಸಹಿಗೆ ಒಂದು ದಿನ ಮೊದಲೇ ಕರಡನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡು ಓದಿ.

ಮೀಟರ್ ಫೀಸು ನನಗೆ ಅತ್ಯಂತ ಸಿಟ್ಟು ಬರಿಸುವ ವಸೂಲಿ. ಬೆಸ್ಕಾಂ ಸಂಪರ್ಕ ಮಾಲೀಕರ ಹೆಸರಲ್ಲೇ ಇರುತ್ತದೆ, ಬಾಡಿಗೆದಾರರು ಬಂದರು ಅಂತ ಯಾವ ಬದಲಾವಣೆಯೂ ಬೇಕಿಲ್ಲ. ಬೇಕಾಗುವುದು ಗೃಹಜ್ಯೋತಿಗೆ (ಸರ್ಕಾರದ ಉಚಿತ ಕರೆಂಟ್ ಯೋಜನೆ) ನಿಮ್ಮ ಆಧಾರ್ ಅನ್ನು ಮನೆಯ ಆರ್‌ಆರ್ ಸಂಖ್ಯೆಗೆ (ಕರೆಂಟ್ ಬಿಲ್ ಮೇಲಿರುವ ಸಂಪರ್ಕ ಸಂಖ್ಯೆ) ಜೋಡಿಸುವುದು ಮಾತ್ರ. ಅದನ್ನು ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ನೀವೇ ಮಾಡಬಹುದು. ಹಿಂದಿನವರು ತಮ್ಮ ಆಧಾರ್ ಬಿಡಿಸಿಕೊಳ್ಳದೆ ಹೋಗಿದ್ದರೆ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಬಿಡಿಸಿಕೊಡಿ ಅಂತ ಕೀಲಿ ತಗೊಳ್ಳುವ ಮೊದಲೇ ಮಾಲೀಕರಿಗೆ ಹೇಳಿ. ಬ್ರೋಕರ್‌ಗೆ ಇದರಲ್ಲಿ ಕೆಲಸವೇ ಇಲ್ಲ.

ನವೀಕರಣದ ಅರ್ಧ ತಿಂಗಳೂ ಅಷ್ಟೇ. ಹೊಸ ಇ-ಸ್ಟ್ಯಾಂಪ್ ತಂದು ನೀವೂ ಮಾಲೀಕರೂ ಸಹಿ ಹಾಕಿದರೆ ಮುಗಿಯಿತು. ಆ ಷರತ್ತು ಕರಾರಿನಲ್ಲಿದ್ದರೆ ಹೊಡೆದು ಹಾಕಿಸಿ.

ಈಗ ಟೋಕನ್. ಇವತ್ತೇ ಬ್ರೋಕರ್‌ಗೆ ಈ ಮೆಸೇಜ್ ಕಳಿಸಿ: "ಇಂಥ ದಿನಾಂಕ ನಿಮಗೆ ಕಳಿಸಿದ 3,000 ಟೋಕನ್ ಹಣ. ಅಡ್ವಾನ್ಸ್‌ನಲ್ಲಿ ವಜಾ ಆಗುತ್ತದೆ. ಮಾಲೀಕರು ಮನೆ ಕೊಡದಿದ್ದರೆ ಪೂರ್ತಿ ವಾಪಸ್. ಕಮಿಷನ್ ಒಟ್ಟು ಇಷ್ಟು, ಸಹಿಯಾಗಿ ಕೀಲಿ ಕೈಗೆ ಬಂದ ಮೇಲೆ. ಸರಿ ಇದ್ದರೆ ಓಕೆ ಅಂತ ಹಾಕಿ." ಆ ಓಕೆ ಮುಂದೆ ದಾಖಲೆಯಾಗುತ್ತದೆ. ಅಡ್ವಾನ್ಸ್ ಮಾತ್ರ ಬ್ರೋಕರ್ ಖಾತೆಗೆ ಹಾಕಲೇಬೇಡಿ, ಮಾಲೀಕರ ಬ್ಯಾಂಕ್ ಖಾತೆಗೇ ಹೋಗಲಿ. ಮೊದಲು ಪಾಲಿಕೆಯ ಕಂದಾಯ ರಸೀದಿಯ ಹೆಸರನ್ನು ಮಾಲೀಕರ ಆಧಾರ್ ಜೊತೆ ತಾಳೆ ನೋಡಿ. ಕರೆಂಟ್ ಬಿಲ್ ಒಂದನ್ನೇ ನಂಬಬೇಡಿ, ಮನೆ ಮಾರಾಟವಾದ ಮೇಲೂ ಅದು ಹಳೆಯ ಮಾಲೀಕರ ಹೆಸರಲ್ಲೇ ಬರುತ್ತಿರಬಹುದು.

ಜಗಳ ಬಂದರೆ ಜನ ತಕ್ಷಣ "ರೇರಾಕ್ಕೆ ಹೋಗಿ" ಅನ್ನುತ್ತಾರೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಇರುವುದು ಮಾರಾಟದ ವ್ಯವಹಾರಕ್ಕೆ, ಬಾಡಿಗೆ ಕಮಿಷನ್ ಅಲ್ಲಿ ನಡೆಯುವುದಿಲ್ಲ. ಮಧ್ಯವರ್ತಿಗಳು ನೋಂದಣಿ ಮಾಡಿಸಿಕೊಳ್ಳಬೇಕು ಅಂತ 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿದೆ, ನಿಜ. ಆದರೆ ತಿಂಗಳಿಗೆ 3,500 (ಕೆಲವು ಊರುಗಳಲ್ಲಿ 2,000) ದಾಟಿದ ಬಾಡಿಗೆಯ ಮನೆಗಳನ್ನು ಆ ಕಾಯ್ದೆ ಹೊರಗಿಟ್ಟಿರುವುದರಿಂದ ನಿಮ್ಮ ವಾದವನ್ನು ಅದರ ಮೇಲೆ ಕಟ್ಟಬೇಡಿ.

ನಿಮಗೆ ಗಟ್ಟಿ ಆಧಾರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ದುಡ್ಡು ಪಡೆದು ಮಾಡುವ ಕೆಲಸ ಸೇವೆ, ಅದಕ್ಕೆ ಬಿಲ್ ಅಥವಾ ರಸೀದಿ ಕೊಡದಿರುವುದನ್ನು ಆ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಹೆಸರಿಸುತ್ತದೆ. ಮೊದಲು ಹದಿನೈದು ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ವಕೀಲರು ಬೇಕೇಬೇಕು ಅಂತಿಲ್ಲ, ಒಂದು ಪುಟದಲ್ಲಿ ದಿನಾಂಕ, ಮೊತ್ತ, ಯುಪಿಐ ವಹಿವಾಟಿನ ಸಂಖ್ಯೆ, ವಾಪಸ್ ಕೇಳುತ್ತಿರುವ ಹಣ ಬರೆದರೆ ಸಾಕು. ಬಹಳಷ್ಟು ಕಡೆ ಇಲ್ಲಿಗೇ ಹಣ ವಾಪಸ್ ಬರುತ್ತದೆ. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ಇ-ಜಾಗೃತಿ ಪೋರ್ಟಲ್‌ನಲ್ಲೂ ಹಾಕಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಈಗ ನೀವು ವಾಸವಿರುವುದು ಚಿತ್ರದುರ್ಗದಲ್ಲಾದರೆ ದಾವಣಗೆರೆಗೆ ಓಡಾಡಬೇಕಿಲ್ಲ, ಅಲ್ಲಿನ ಆಯೋಗದಲ್ಲೇ ದೂರು ಕೊಡಬಹುದು.

ಮನೆಯೇ ಸುಳ್ಳು, ಫೋಟೋ ತೋರಿಸಿ ದುಡ್ಡು ಹಾಕಿಸಿಕೊಂಡು ಫೋನ್ ಆಫ್ ಮಾಡಿದ್ದಾರೆ ಅಂತಾದರೆ ದಾರಿ ಬೇರೆ. ನೋಟಿಸ್ ಬರೆಯುತ್ತಾ ಕೂರಬೇಡಿ, ಆ ಗಂಟೆಯಲ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ಹೋಗುವ ಮೊದಲು ತಡೆಹಿಡಿಯಲು ಆಗ ಮಾತ್ರ ಅವಕಾಶ ಹೆಚ್ಚು.