ಹಾಜರಿ ಹಾಕದ ಸಾಲುಗಳು

ಕುಡಿತ ಬಿಡಲು ಹೊರಟವರಿಗೆ ಸಲಹೆ ಕೊಡುವ ನನ್ನ ಮುಂದೆ, ಅವರು ಸೇರುವ ನೆರವು ಗುಂಪಿನ ಬಗ್ಗೆ ಒಂದೇ ದೂರು ಬೇರೆ ಬೇರೆ ಬಾಯಿಂದ ಮತ್ತೆ ಮತ್ತೆ ಬಂದಿದೆ. "ಗುಂಪು ಒಳ್ಳೆಯದೇ ಮೇಡಂ. ಕೊನೆಯಲ್ಲಿ ಹೇಳಿಸುವ ಆ ಪ್ರಾರ್ಥನೆಯೊಂದು ಇಲ್ಲದಿದ್ದರೆ ಹೋಗುತ್ತಿದ್ದೆ." ಮೊದಮೊದಲು ನಾನು ಇದನ್ನು ನೆಪ ಎಂದೇ ಎಣಿಸುತ್ತಿದ್ದೆ. ಕುಡಿತ ಬಿಡಲು ಹೊರಟವರಿಗೆ ಗುಂಪು ಬಿಡಲು ನೂರು ಕಾರಣ ಸಿಗುತ್ತವೆ: ಬಸ್ಸಿಲ್ಲ, ಮಳೆ, ಕುರ್ಚಿ ಸರಿಯಿಲ್ಲ, ಅಲ್ಲಿ ನಮ್ಮ ಊರಿನವನೊಬ್ಬ ಬರುತ್ತಾನೆ. ಆ ಪ್ರಾರ್ಥನೆಯನ್ನೂ, ಅಂದರೆ ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯನ್ನೂ, ಆ ಸಾಲಿಗೇ ಸೇರಿಸಿದ್ದೆ. ಕಾಫಿ ತೋಟದ ನೌಕರರೊಬ್ಬರ ಪ್ರಕರಣದ ನಂತರ ಹಾಗೆ ಮಾಡುವುದನ್ನು ಬಿಟ್ಟಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ಅವರು ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವರು. ವಯಸ್ಸು ನಲವತ್ತು ದಾಟಿದೆ. ಬಟವಾಡೆಯ ಸಂಜೆ ಮೇಸ್ತ್ರಿಗಳ ಜೊತೆ ಶುರುವಾದ ಕುಡಿತ, ಬೆಳಿಗ್ಗೆ ಲೆಕ್ಕದ ಪುಸ್ತಕ ಹಿಡಿಯಲು ಕೈ ನಡುಗದಿರಲಿ ಎಂದು ಕುಡಿಯುವವರೆಗೆ ಬೆಳೆದಿತ್ತು. ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಚಿಕಿತ್ಸೆ ಪಡೆದರು. ಆಮೇಲೆ ಹಾಸನದಲ್ಲಿ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಭಾನುವಾರ ಸಂಜೆ ಸೇರುವ ನೆರವು ಗುಂಪಿಗೆ ಐದು ತಿಂಗಳು ತಪ್ಪದೆ ಬಂದರು, ಒಂದು ಹನಿಯನ್ನೂ ಮುಟ್ಟಲಿಲ್ಲ. ಇದ್ದಕ್ಕಿದ್ದಂತೆ ನಿಲ್ಲಿಸಿದರು.

ಹೆಂಡತಿ ಅವರನ್ನು ನನ್ನ ಬಳಿಗೆ ಕರೆತಂದಾಗ ಅವರು ಹೇಳಿದ್ದು ಒಂದೇ ಮಾತು, ಆ ಪ್ರಾರ್ಥನೆ ತಮ್ಮಿಂದ ಆಗುವುದಿಲ್ಲ ಎಂದು. ನಾನು ಕೂಡಲೇ, "ಇದು ನಿಮ್ಮ ಮಾತಲ್ಲ, ನಿಮ್ಮೊಳಗಿನ ಕುಡಿತ ಆಡಿಸುವ ಮಾತು" ಎಂದೆ. ಅವರು ತಲೆಯಾಡಿಸಿ ಎದ್ದು ಹೋದರು. ನಾಲ್ಕನೆಯ ದಿನ ಹೆಂಡತಿಯ ಫೋನ್ ಬಂತು. ಕುಡಿದು, ತೋಟದ ಕೂಲಿಯವರ ಲೈನ್ ಮನೆಗಳ ಹಿಂದೆ ಬಿದ್ದಿದ್ದರು. ಆ ನಾಲ್ಕು ದಿನಗಳಲ್ಲಿ ನನ್ನ ಮಾತಿನ ಪಾಲೆಷ್ಟು ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಎರಡನೆಯ ಸಲ ಅವರು ಒಬ್ಬರೇ ಬಂದರು. ಜೋರು ಮಳೆ. ಕೊಡೆಯನ್ನು ಬಾಗಿಲಾಚೆ ನಿಲ್ಲಿಸಿ, ಕುಳಿತು, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಚೆಕ್‌ರೋಲಿನಿಂದ, ಅಂದರೆ ತೋಟದ ಹಾಜರಿ ಪುಸ್ತಕದಿಂದ ಹರಿದ ಹಾಳೆ. ಹೆಸರುಗಳಿರಬೇಕಾದ ಕಡೆ, ಲೆಕ್ಕ ಬರೆದು ಪಳಗಿದ ದುಂಡು ಅಕ್ಷರಗಳಲ್ಲಿ ಕರ್ತನ ಪ್ರಾರ್ಥನೆ ಇತ್ತು, ಒಂದೊಂದು ಗೆರೆಗೆ ಒಂದೊಂದು ಸಾಲು. ಎದುರಿನ ಚೌಕದಲ್ಲಿ ಪೆನ್ಸಿಲಿನ ಗುರುತುಗಳು.

"ಕಲಿಯಬೇಕೆಂದೇ ಬರೆದುಕೊಂಡೆ ಮೇಡಂ. ಯಾವುದನ್ನು ಮನಸ್ಸಿನಿಂದ ಹೇಳಬಲ್ಲೆನೋ ಅದಕ್ಕೆ ಹಾಜರಿ ಹಾಕಿದ್ದೇನೆ."

'ಅನುದಿನದ ಆಹಾರ'ದ ಮುಂದೆ ಪೂರ್ತಿ ಹಾಜರಿ. 'ಕೇಡಿನಿಂದ ನಮ್ಮನ್ನು ತಪ್ಪಿಸು' ಎಂಬುದಕ್ಕೂ ಪೂರ್ತಿ. 'ನಿನ್ನ ರಾಜ್ಯವು ಬರಲಿ' ಎಂಬಲ್ಲಿ ಚೌಕ ಖಾಲಿ. ಮೊದಲ ಸಾಲಿನ 'ತಂದೆಯೇ' ಎಂಬ ಕರೆಯ ಮುಂದೆಯೂ ಖಾಲಿ. 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ' ಎಂಬ ಸಾಲಿಗೆ ಅರ್ಧ ದಿನದ ಗುರುತಿತ್ತು. ಅದೇಕೆ ಎಂದು ಕೇಳಿದೆ. "ಅಣ್ಣನನ್ನು ಇನ್ನೂ ಕ್ಷಮಿಸಿಲ್ಲ. ನನ್ನನ್ನು ಕ್ಷಮಿಸು ಎನ್ನುವುದು ಮಾತ್ರ ನಿಜ. ಆದ್ದರಿಂದ ಅರ್ಧ."

ಚಿಕ್ಕಂದಿನಿಂದ ಆ ಪ್ರಾರ್ಥನೆಯನ್ನು ಹೇಳುತ್ತ ಬಂದವಳು ನಾನು. ಒಂದೊಂದು ಸಾಲಿನ ಮುಂದೆ ನಿಂತು, ಇದನ್ನು ನಾನು ನಿಜವಾಗಿ ಹೇಳುತ್ತಿದ್ದೇನೆಯೇ ಎಂದು ಇಷ್ಟು ಕಟ್ಟುನಿಟ್ಟಾಗಿ ಒಮ್ಮೆಯೂ ಲೆಕ್ಕ ನೋಡಿಕೊಂಡಿರಲಿಲ್ಲ.

ಆಮೇಲೆ ಅವರು ಹೇಳಿದ ಮಾತಿಗಾಗಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ. "ಮಂಜುನಾಥಸ್ವಾಮಿಯ ಮೇಲೆ ಮೂರು ಸಲ ಆಣೆ ಇಟ್ಟವನು ನಾನು. ಒಮ್ಮೆ ಹೆಂಡತಿಯ ತಲೆ ಮುಟ್ಟಿ, ಒಮ್ಮೆ ಮಗಳ ತಲೆ ಮುಟ್ಟಿ, ಒಮ್ಮೆ ಧರ್ಮಸ್ಥಳಕ್ಕೇ ಹೋಗಿ. ಮೂರನ್ನೂ ಮುರಿದೆ. ದೇವರ ಮುಂದೆ ಸುಳ್ಳಾಡಬಾರದು ಎಂಬುದನ್ನು ಕಲಿತದ್ದು ನಿಮ್ಮ ಗುಂಪಿನಲ್ಲಿ. ಅದೇ ಗುಂಪಿನಲ್ಲಿ ಪ್ರತಿ ಭಾನುವಾರ, ಸಂಜೆಯೆಲ್ಲ ನಿಜ ಹೇಳಿ, ಕೊನೆಯಲ್ಲಿ ಬರೀ ತುಟಿಯಾಡಿಸಿ ಹೊರಗೆ ಬರುತ್ತಿದ್ದೆ. ಒಬ್ಬ ದೇವರಿಗೆ ಮೋಸ ಮಾಡಿದ್ದು ಸಾಕು. ಇನ್ನೊಬ್ಬ ದೇವರಿಗೂ ಮಾಡಿಸಬೇಡಿ."

ಬಹಳ ಹೊತ್ತು ನನಗೆ ಉತ್ತರ ಹೊಳೆಯಲಿಲ್ಲ. ಹಿಂದಿನ ಸಲ ನಾನಾಡಿದ ಮಾತಿಗೆ ಕ್ಷಮೆ ಕೇಳಿದೆ. ಕ್ರೈಸ್ತರ ಪ್ರಾರ್ಥನೆಯನ್ನು ಹೀನವಾಗಿ ಕಂಡು ಅವರು ಅದರಿಂದ ದೂರ ಸರಿದಿರಲಿಲ್ಲ. ಅದನ್ನು ಅಷ್ಟು ದೊಡ್ಡದೆಂದು ಎಣಿಸಿದ್ದರಿಂದಲೇ ಸುಮ್ಮನೆ ಉಚ್ಚರಿಸಲು ಅಂಜಿದ್ದರು.

ನಾನು ಕೊಟ್ಟ ಸಲಹೆ ಇದು. ಗುಂಪಿಗೆ ಮರಳಿ ಹೋಗಿ. ಕೈ ಹಿಡಿಯುವಾಗ ಕೈ ಹಿಡಿಯಿರಿ, ಪ್ರಾರ್ಥನೆಯ ಹೊತ್ತಿಗೆ ಮೌನವಾಗಿರಿ, ತುಟಿಯನ್ನೂ ಆಡಿಸಬೇಡಿ. ಮುಂದಿನ ಭಾನುವಾರ ನಿಮ್ಮ ಸರದಿ ಬಂದಾಗ, ನನಗೆ ಹೇಳಿದ್ದನ್ನೇ ಅವರಿಗೂ ಹೇಳಿ. ಮನೆಯಲ್ಲಿ ನಿಮ್ಮ ದೇವರ ಮುಂದೆ ದಿನವೂ ಕೂರಿ. ಇನ್ನು ಆಣೆ ಇಡಬೇಡಿ, ಇವತ್ತೊಂದು ದಿನಕ್ಕೆ ಬೇಕಾದ ಬಲವನ್ನು ಕೇಳಿಕೊಳ್ಳಿ. ಜನ್ಮಕ್ಕೆಲ್ಲ ಸೇರಿಸಿ ಇಟ್ಟ ಆಣೆ ಒಂದು ಸಂಜೆಯಲ್ಲಿ ಮುರಿದುಬೀಳುತ್ತದೆ, ಆಮೇಲೆ ನಾಚಿಕೆಯೇ ಮತ್ತೆ ಕುಡಿಸುತ್ತದೆ. ಅವರು ಪೂರ್ತಿ ಹಾಜರಿ ಹಾಕಿದ 'ಅನುದಿನದ ಆಹಾರ' ಕೇಳುವುದೂ ಒಂದು ದಿನದ್ದನ್ನೇ.

ಈ ಸಲಹೆಗಾಗಿ ಎರಡು ಕಡೆಯಿಂದಲೂ ಮಾತು ಕೇಳಬೇಕಾಯಿತು. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು, "ನಮ್ಮದೇ ಅಂಗಳದಲ್ಲಿ ನಮ್ಮ ಪ್ರಾರ್ಥನೆಗೆ ಬಾಯಿ ಮುಚ್ಚಿಕೊಂಡಿರಲು ಹೇಳಿಕೊಟ್ಟಿರಿ" ಎಂದರು. ರೈಟರ ಅಣ್ಣ ಫೋನ್ ಮಾಡಿ, "ಒಮ್ಮೆ ಬಿಟ್ಟುಬಂದವನನ್ನು ಮತ್ತೆ ಚರ್ಚಿಗೇ ಕಳಿಸಿದಿರಿ, ಉದ್ದೇಶ ಏನು?" ಎಂದು ಕೇಳಿದರು.

ಅಣ್ಣನಿಗೆ ನನ್ನ ಉತ್ತರ ಚಿಕ್ಕದು. ವಾರಕ್ಕೊಂದು ಸಂಜೆ ಬಾಡಿಗೆಯಿಲ್ಲದೆ ಬಾಗಿಲು ತೆರೆದಿಡುವ ಜಾಗ ಅಲ್ಲಿ ಸಿಕ್ಕಿದೆ, ಗುಂಪು ಅಲ್ಲಿ ಸೇರುತ್ತದೆ. ನಿಮ್ಮ ತಮ್ಮ ಕುಡಿಯದೆ ಮನೆಗೆ ಬರಲಿ ಎಂಬುದರ ಹೊರತು ನನಗೆ ಬೇರೆ ಉದ್ದೇಶವಿಲ್ಲ.

ಹಿರಿಯರಿಗೆ ಹೇಳಬೇಕಾದದ್ದು ಹೆಚ್ಚಿದೆ. ಈ ಗುಂಪುಗಳ ಬೇರು ಕ್ರೈಸ್ತ ನೆಲದಲ್ಲೇ ಇದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ವೈದ್ಯ ಬಾಬ್ ಸ್ಮಿತ್, ಕುಡಿತ ಬಿಡುವವರು ಪರಸ್ಪರ ನೆರವಾಗುವ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಆರಂಭಿಸಿದಾಗ ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯ ಒಡನಾಟದಲ್ಲಿದ್ದರು. ತಪ್ಪೊಪ್ಪಿಗೆ, ನೊಂದವರಿಗೆ ಪರಿಹಾರ, ಮೌನ ಧ್ಯಾನ ಇವೆಲ್ಲ ಅಲ್ಲಿಂದ ಬಂದವು. ಆದರೆ 1939ರಲ್ಲಿ, ಕುಡಿತದಿಂದ ಹೊರಬರಲು ಆ ಕೂಟ ಅನುಸರಿಸುವ ಹನ್ನೆರಡು ಹೆಜ್ಜೆಗಳು ಅಚ್ಚಾಗುವ ಹೊತ್ತಿಗೆ, ದೇವರನ್ನು ಒಪ್ಪದ ಸದಸ್ಯರು ಪಟ್ಟು ಹಿಡಿದ ಕಾರಣ, 'ದೇವರು' ಎಂಬ ಪದದ ಜೊತೆಗೆ 'ನಾವು ಅರಿತುಕೊಂಡಂತೆ' ಎಂಬುದೂ ಸೇರಿತು. ಮುಂದೆ ಬಂದ 'ಸಂಪ್ರದಾಯಗಳು', ಅಂದರೆ ಗುಂಪುಗಳು ನಡೆಯಬೇಕಾದ ರೀತಿಯ ಸೂತ್ರಗಳು, ಸದಸ್ಯನಾಗಲು ಕುಡಿತ ಬಿಡುವ ಬಯಕೆಯೊಂದೇ ಸಾಕು ಎಂದು ಖಚಿತವಾಗಿ ಹೇಳಿದವು. ಸಾಯುವ ಸ್ಥಿತಿಯಲ್ಲಿರುವವನನ್ನು ಹೊಸ್ತಿಲಲ್ಲಿ ನಿಲ್ಲಿಸಿ ನಂಬಿಕೆ ವಿಚಾರಿಸಬಾರದು ಎಂಬುದನ್ನು ಅವರು ತಮ್ಮವರನ್ನು ಕಳೆದುಕೊಂಡೇ ಕಲಿತಿದ್ದರು.

ಇನ್ನು ನಮ್ಮ ವೇದ, ಅಂದರೆ ಬೈಬಲ್. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಕರ್ತನ ಪ್ರಾರ್ಥನೆ 9ನೆಯ ವಚನದಿಂದ ಆರಂಭವಾಗುತ್ತದೆ. ಅದಕ್ಕೆ ಮೂರೇ ವಚನ ಮೊದಲು, ಪ್ರಾರ್ಥಿಸುವಾಗ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೋ ಎಂದು ಯೇಸು ಹೇಳುತ್ತಾನೆ. ಬರಿದೇ ಮಾತನ್ನು ಮತ್ತೆ ಮತ್ತೆ ಉಚ್ಚರಿಸಬೇಡಿ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಚೆಕ್‌ರೋಲಿನ ಹಾಳೆಯ ಮೇಲೆ ತಾನು ಹೇಳಲಾರದ ಸಾಲಿನ ಚೌಕವನ್ನು ಖಾಲಿ ಬಿಟ್ಟ ಮನುಷ್ಯ ಆ ಎಚ್ಚರಿಕೆಯನ್ನು ನಮಗಿಂತ ಚೆನ್ನಾಗಿ ಪಾಲಿಸಿದ್ದಾನೆ. ಇದನ್ನೇ ತಿರುಗಿಸಿಯೂ ನೋಡಿ. ಧರ್ಮಸ್ಥಳದ ಆಶ್ರಯದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿಂದ ಕುಡಿತ ಬಿಟ್ಟು ಬಂದವರನ್ನು ನಾನು ಬಲ್ಲೆ. ಅಲ್ಲಿ ಭಜನೆ ನಡೆಯುತ್ತದೆ. ನಮ್ಮ ಸಭೆಯ ಹುಡುಗನೊಬ್ಬ ಅಲ್ಲಿ ಸುಮ್ಮನೆ ಕುಳಿತು ಕೇಳಿಸಿಕೊಂಡರೆ ಅದು ಅವನ ನಿಷ್ಠೆ ಎಂದು ನಾವು ಮೆಚ್ಚುತ್ತೇವೆ. ರೈಟರ ಮೌನಕ್ಕೂ ಅದೇ ಗೌರವ ಸಲ್ಲಬೇಕು.

ಪ್ರಾರ್ಥನೆಯ ವಿಷಯ ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. "ಮಾತ್ರೆ ಎಸೆದುಬಿಡಿ, ಪ್ರಾರ್ಥನೆಯೊಂದೇ ಸಾಕು" ಎಂಬ ಮಾತು ನಂಬಿ ಬಂದವರನ್ನು ಕಂಡಿದ್ದೇನೆ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂಥ ಸೆಳೆತ ಬರಬಹುದು. ಎರಡನೆಯ, ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವ ಸನ್ನಿ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಆ ದಿನಗಳು ವೈದ್ಯರ ಕೈಯಲ್ಲೇ ಕಳೆಯಬೇಕು. ದಿನವೂ ಮೊಣಕಾಲೂರುವವಳಾಗಿಯೇ ಇದನ್ನು ಹೇಳುತ್ತಿದ್ದೇನೆ.

ರೈಟರು ಗುಂಪಿಗೆ ಮರಳಿದರು. ತಮ್ಮ ಸರದಿಯಲ್ಲಿ ಆ ಹಾಳೆಯನ್ನೇ ತೆಗೆದು ಓದಿದರಂತೆ. ಗುಂಪಿನ ಹಿರಿಯ ಸದಸ್ಯರೊಬ್ಬರು, ಹದಿನಾಲ್ಕು ವರ್ಷಗಳಿಂದ ಕುಡಿಯದ ಕ್ರೈಸ್ತರು, ಆ ರಾತ್ರಿ ನನಗೆ ಫೋನ್ ಮಾಡಿ, "ಪಕ್ಕದಲ್ಲಿ ನಿಂತು ಇಷ್ಟು ತಿಂಗಳು ಕೈ ಹಿಡಿದಿದ್ದೆ, ಅವರ ಧ್ವನಿ ಬರುತ್ತಿಲ್ಲ ಎಂಬುದು ನನ್ನ ಗಮನಕ್ಕೇ ಬರಲಿಲ್ಲ" ಎಂದರು. ಮುಂದಿನ ತಿಂಗಳು ಎಲ್ಲರೂ ಕುಳಿತು ಮಾತಾಡಿ ತಾವೇ ಒಂದು ತೀರ್ಮಾನಕ್ಕೆ ಬಂದರು. ಬದಲಿಸಲಾಗದ್ದನ್ನು ಒಪ್ಪುವ ಶಾಂತಿ, ಬದಲಿಸಬಲ್ಲದ್ದನ್ನು ಬದಲಿಸುವ ಧೈರ್ಯ, ಎರಡರ ವ್ಯತ್ಯಾಸ ತಿಳಿಯುವ ವಿವೇಕ ಬೇಡುವ ಚಿಕ್ಕ ಪ್ರಾರ್ಥನೆಯೊಂದಿಗೆ ಸಭೆ ಮುಗಿಯುತ್ತದೆ. ಅದನ್ನು ರಚಿಸಿದ ರೈನ್‌ಹೋಲ್ಡ್ ನೀಬೂರ್ ಕೂಡ ಕ್ರೈಸ್ತ ಚಿಂತಕರೇ. ಆದರೆ ಅದು 'ದೇವರೇ' ಎಂದಷ್ಟೇ ಕರೆಯುತ್ತದೆ, ರೈಟರು ಅದಕ್ಕೆ ಪೂರ್ತಿ ಹಾಜರಿ ಹಾಕಿದರು. ಆಮೇಲೆ ಐದು ನಿಮಿಷ ಬಿಟ್ಟು, ಇಷ್ಟವಿದ್ದವರು ಉಳಿದು ಕರ್ತನ ಪ್ರಾರ್ಥನೆ ಹೇಳುತ್ತಾರೆ.

ಈ ಬದಲಾವಣೆ ಎಲ್ಲರಿಗೂ ಒಗ್ಗಲಿಲ್ಲ. ಇಪ್ಪತ್ತಾರರ ಕ್ರೈಸ್ತ ಹುಡುಗನೊಬ್ಬ, "ನನ್ನನ್ನು ಬದುಕಿಸಿದ ಪ್ರಾರ್ಥನೆ ಈಗ ಸಭೆ ಮುಗಿದ ಮೇಲೆ ಉಳಿದವರದ್ದಾಯಿತು" ಎಂದು ಹೇಳಿ ಎದ್ದು ಹೋದವನು ಮತ್ತೆ ಬಂದಿಲ್ಲ. ಅವನ ಮಾತಿನಲ್ಲೂ ನಿಜವಿದೆ. ಅವನಿಗೆ ಆ ಸಾಲುಗಳು ಸಭೆಯ ಕೊನೆಯಲ್ಲಿ ಎಲ್ಲರ ಧ್ವನಿಯೊಂದಿಗೆ ಬೇಕಿದ್ದವು. ಕುಡಿದಿಲ್ಲ, ಭಾನುವಾರದ ಆರಾಧನೆಗೆ ಹೋಗುತ್ತಾನೆ ಎಂದು ಅವನ ತಾಯಿ ಹೇಳಿದ್ದಾರೆ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ರೈಟರ ವಿಷಯದಲ್ಲಿ ಮೊದಲ ದಿನ ಮಾಡಿದ ತಪ್ಪನ್ನು ಇವನ ವಿಷಯದಲ್ಲಿ ಮಾಡಲಾರೆ. ಈ ವಾರ ಮತ್ತೆ ಫೋನ್ ಮಾಡುತ್ತೇನೆ.